ಉಪಕೇಂದ್ರದ ಬೆನ್ನಿಗೊಬ್ಬ ವೈದ್ಯ

ಟೆಲಿಮೆಡಿಸಿನ್ ಚರಿತ್ರೆಯನ್ನು ಉಪಗ್ರಹದಿಂದ ಶುರುಮಾಡುವುದು ವಾಡಿಕೆ. ಕರ್ನಾಟಕದ ಮಟ್ಟಿಗೆ ನಾನದನ್ನು ಬಳ್ಳಾರಿಯಿಂದ ಶುರುಮಾಡುತ್ತೇನೆ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಕಲಿಸಿತು. ಮನೋವೈದ್ಯರು ಊರೂರಿಗೆ ಹೋಗಲಾರರು. ಊರಲ್ಲಿರುವವರನ್ನೇ ಸಜ್ಜುಗೊಳಿಸಬೇಕು ಎಂಬುದು ಅಲ್ಲಿನ ತಿರುಳು. ದೇಶಮಟ್ಟದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ ಅದೇ ಮಾದರಿಯಾಯಿತು.

ಉಪಗ್ರಹ ಬಂದದ್ದು ಆಮೇಲೆ. 2002ರಲ್ಲಿ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ ಸಿಕ್ಕಿತು. ದೊಡ್ಡ ಸಾಧನೆಯೇ. ಆದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋದ ಆ ಸಂಪರ್ಕ ಹಳ್ಳಿಯ ಆರೋಗ್ಯ ಉಪಕೇಂದ್ರದ ಸಿಸ್ಟರ್‌ಗೆ ನಿಲುಕಲಿಲ್ಲ.

ನಿಲುಕಿಸಿದ್ದು ಮೊಬೈಲ್. 2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ವಾಟ್ಸಾಪ್ ಗುಂಪು ಕಟ್ಟಿದರು, ಹಳ್ಳಿಗಳಿಗೆ ಇಸಿಜಿ ಯಂತ್ರಗಳನ್ನೂ ತಲುಪಿಸಿದರು. ಎದೆನೋವೆಂದು ಬಂದವರ ಎದೆಗೆ ಆರು, ಕೈಕಾಲುಗಳಿಗೆ ನಾಲ್ಕು ತಂತಿ ಜೋಡಿಸಿ, ಬಂದ ಪಟ್ಟಿಯ ಫೋಟೊ ಗುಂಪಿಗೆ ಹಾಕಿದರೆ ಸಾಕು, ತಜ್ಞರು ನೋಡಿ ಹೇಳುತ್ತಾರೆ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಗೆ ಕಳಿಸುವ ಅಪಾಯ ಇದರಿಂದ ಕಡಿಮೆಯಾಗುತ್ತದೆ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು: ಇಸಿಜಿ ಓದುವುದು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದಲ್ಲಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುವುದು ತಾಲೂಕು ಆಸ್ಪತ್ರೆಯಲ್ಲೇ.

ಬಳ್ಳಾರಿಯಲ್ಲಿ ಶುರುವಾದ ಕಲಿಕೆಯ ಎಳೆಯೂ ಕಡಿಯಲಿಲ್ಲ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ‘ಎಕೋ’ ಪದ್ಧತಿ ಆರಂಭಿಸಿದ್ದರು. ಹಳ್ಳಿಯ ವೈದ್ಯರು ತಮ್ಮ ರೋಗಿಗಳ ವಿವರವನ್ನು ವಿಡಿಯೊದಲ್ಲಿ ಮುಂದಿಡುವುದು, ತಜ್ಞರ ಜತೆ ಚರ್ಚಿಸುತ್ತಲೇ ಕಲಿಯುವುದು. ಹೆಪಟೈಟಿಸ್-ಸಿ ರೋಗಕ್ಕೆ ಈ ಹಳ್ಳಿ ವೈದ್ಯರು ಕೊಟ್ಟ ಚಿಕಿತ್ಸೆ ವಿಶ್ವವಿದ್ಯಾಲಯದ ಚಿಕಿತ್ಸೆಗೆ ಸಮನಾಗಿತ್ತೆಂದು 2011ರ ಅಧ್ಯಯನ ತೋರಿಸಿತು. ನಿಮ್ಹಾನ್ಸ್ ಈ ಪದ್ಧತಿಯನ್ನು ಭಾರತದಲ್ಲಿ ಬೆಳೆಸಿತು. 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನೂ ತೆರೆಯಿತು.

2019ರ ನವೆಂಬರಿನಲ್ಲಿ ಬಂದ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿ ಕೋವಿಡ್ ಕಾಲದಲ್ಲಿ ಮನೆಮನೆಗೆ ಪರಿಚಯವಾಯಿತು. ಸಮಾಲೋಚನೆಗಳು 2024ರ ಹೊತ್ತಿಗೆ 20 ಕೋಟಿ ಮೀರಿದ್ದವು. ಈ ಲೆಕ್ಕವೊಂದೇ ನನಗೆ ಸಮಾಧಾನ ಕೊಡುವುದಿಲ್ಲ. ಕರೆ ಮುಗಿದ ಮೇಲೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಹೊಸದೊಂದು ತಿಳಿಯಿತೇ? ಆಶಾ ಕಾರ್ಯಕರ್ತೆಯ ಪಾಲಿಗೆ ಬಂದದ್ದು ಕಲಿಕೆಯೋ, ಆ್ಯಪ್‌ನಲ್ಲಿ ಮಾಹಿತಿ ತುಂಬುವ ಇನ್ನೊಂದು ಹೊರೆಯೋ? ಇದನ್ನೂ ಅಳೆಯಬೇಕು.

ಈ ಕಲಿಕೆಗೆ ಮಹಾರಾಷ್ಟ್ರದ ಕನ್ನಡಿಗರೂ ನೆರವಾಗಬಹುದು. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಆಸ್ಪತ್ರೆಗಳಿರುವ ಅಲ್ಲಿನ ಠಾಣೆ ಜಿಲ್ಲೆಯಲ್ಲಿ ಶಹಾಪುರ, ಮುರಬಾಡಗಳ ಆದಿವಾಸಿ ಪಾಡಾಗಳೂ (ಹಾಡಿಗಳೂ) ಇವೆ. ಡೊಂಬಿವಲಿ, ಕಲ್ಯಾಣದಂಥ ಊರುಗಳ ಕನ್ನಡಿಗ ವೈದ್ಯರಿಗೆ, ನಿವೃತ್ತ ನರ್ಸ್‌ಗಳಿಗೆ ಮರಾಠಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ವಾರಕ್ಕೊಂದು ಗಂಟೆ ಬಿಡುವು ಮಾಡಿಕೊಂಡು, ಶಹಾಪುರದ ಆಶಾತಾಯಿಗೆ ಮರಾಠಿಯಲ್ಲಿ, ತವರು ಜಿಲ್ಲೆಯ ಸಿಸ್ಟರ್‌ಗೆ ಕನ್ನಡದಲ್ಲಿ ಹೇಳಿಕೊಡಲು ದಯವಿಟ್ಟು ಮುಂದೆ ಬನ್ನಿ.