ಭಯೋತ್ಪಾದನೆ: ಸರಕಾರಗಳಿಗೆ ವಿನಾಯಿತಿ ಉಂಟೇ?

ಭಯೋತ್ಪಾದನೆ ಎಂಬ ಪದವನ್ನು ನಾವು ದಿನಕ್ಕೆ ಹತ್ತು ಬಾರಿ ಕೇಳುತ್ತೇವೆ. ಆದರೆ ಭಯೋತ್ಪಾದನೆ ಎಂದರೇನು ಎಂಬ ಪ್ರಶ್ನೆಗೆ ಜಗತ್ತಿನ ರಾಷ್ಟ್ರಗಳೆಲ್ಲ ಒಪ್ಪಿದ ಉತ್ತರ ಇಂದಿಗೂ ಇಲ್ಲ. ಈ ಕುರಿತ ಸಮಗ್ರ ಒಪ್ಪಂದದ ಕರಡನ್ನು 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟದ್ದು ನಮ್ಮ ದೇಶವೇ. ಅದು ಇನ್ನೂ ಅಂಗೀಕಾರವಾಗಿಲ್ಲ. ಸರಕಾರಗಳ ಸೇನೆ ಎಸಗುವ ಕೃತ್ಯಗಳು ವ್ಯಾಖ್ಯೆಯೊಳಗೆ ಬರಬೇಕೇ ಬೇಡವೇ ಎಂಬುದು ಅದನ್ನು ತಡೆದಿರುವ ದೊಡ್ಡ ತೊಡಕುಗಳಲ್ಲೊಂದು.

ವಿಚಿತ್ರವೆಂದರೆ, ರಾಜಕೀಯದಲ್ಲಿ ಈ ಪದ ಮೊದಲು ಅಂಟಿದ್ದೇ ಒಂದು ಸರಕಾರಕ್ಕೆ. 1793-94ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿ ಸರಕಾರ ಗಿಲೋಟಿನ್‌ನಿಂದ ನಡೆಸಿದ ಆಳ್ವಿಕೆಗೇ 'ಟೆರರ್' ಎಂಬ ಹೆಸರು ಬಂತು. 1937ರ ಹೊತ್ತಿಗೆ ಅರ್ಥ ತಿರುಗಿತ್ತು. ಆ ವರ್ಷ ರಾಷ್ಟ್ರಸಂಘ ರೂಪಿಸಿದ ಒಪ್ಪಂದವು ರಾಜ್ಯದ ವಿರುದ್ಧ ನಡೆಯುವ ಕೃತ್ಯಗಳನ್ನು ಮಾತ್ರ ಭಯೋತ್ಪಾದನೆ ಎಂದಿತು. 24 ದೇಶಗಳು ಸಹಿ ಹಾಕಿದವು; ಕೊನೆಗೆ ಅನುಮೋದಿಸಿದ್ದು ಒಂದೇ ಒಂದು, ಬ್ರಿಟಿಷರ ಆಳ್ವಿಕೆಯ ಭಾರತ. ಕ್ರಾಂತಿಕಾರಿಗಳನ್ನು ಹಿಡಿಯಲು ಆ ವ್ಯಾಖ್ಯೆ ಸಾಕಿತ್ತು. ಅಧಿಕೃತ ಲೆಕ್ಕದಲ್ಲೇ 379 ಜನರನ್ನು ಕೊಂದ 1919ರ ಜಲಿಯನ್‌ವಾಲಾಬಾಗ್‌ನಂಥ ಗೋಲಿಬಾರಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಈ ಪ್ರಶ್ನೆಯನ್ನು ಬಿಡಿಸಲು ನಾವು ದೂರ ಹೋಗಬೇಕಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಮೂರು ಊರುಗಳೇ ಸಾಕು.

ಲಿಂಗಸೂಗೂರಿನ ಹಿರಿಯರ ಕಾಲದಲ್ಲಿ ಈ ಸೀಮೆಯೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1947-48ರಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ಕೊಲೆ, ಸುಲಿಗೆ ನಡೆಸಿದರು. ಬೀದರ್ ಜಿಲ್ಲೆಯ ಗೋರಟಾದ ಹತ್ಯಾಕಾಂಡವನ್ನು ಜನ ಮರೆತಿಲ್ಲ. ಅವರನ್ನು ಟೀಕಿಸಿದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ರಜಾಕಾರರು ಸರಕಾರಿ ಸೈನಿಕರಲ್ಲ ನಿಜ. ಆದರೆ ತಡೆಯಬೇಕಾದ ಸರಕಾರ ಅವರಿಗೆ ನೆರಳಾಗಿ ನಿಂತಿತ್ತು. ಕೈ ಬೇರೆಯವರದಾದರೂ ಹೊಣೆ ಸರಕಾರದ್ದೇ.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು. 17ರಂದು ನಿಜಾಮರು ಶರಣಾದರು. ಜನ ನಿಟ್ಟುಸಿರು ಬಿಟ್ಟರು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಬಳಿಕ ನಡೆದುದನ್ನು ತಿಳಿಯಲು ನೆಹರೂ ಸರಕಾರ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫ್ಫಾರ್ ಮೊದಲಾದವರನ್ನು ಕಳುಹಿಸಿತು. ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಅವರು ಅಂದಾಜಿಸಿದರು. ಸತ್ತವರು ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮ ಕಲಬುರ್ಗಿ, ಬೀದರ್ ಸೇರಿದ್ದವು. ಕೆಲವೆಡೆ ಸೈನಿಕರು, ಪೊಲೀಸರೂ ಕೈಜೋಡಿಸಿದ್ದರು ಎಂದು ವರದಿ ದಾಖಲಿಸಿತು. ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ಅದು ಸ್ಮರಿಸಿತು. ಆ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. 2013ರಲ್ಲಿ ಎ.ಜಿ. ನೂರಾನಿಯವರು ತಮ್ಮ ಗ್ರಂಥದಲ್ಲಿ ಅದನ್ನು ಅಚ್ಚು ಹಾಕಿಸಿದರು.

ಇನ್ನು ಸಿಂಧನೂರು. ಈ ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಮಾತಾಡುವ ಕುಟುಂಬಗಳಿವೆ. ಅವರ ಬೇರು ಹಿಂದಿನ ಪೂರ್ವ ಪಾಕಿಸ್ತಾನದಲ್ಲಿದೆ. ಆ ನೆಲದಲ್ಲಿ 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾ ವಿಶ್ವವಿದ್ಯಾಲಯದ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೊಂದಿತು. ಆ ವರ್ಷ ಸುಮಾರು 1 ಕೋಟಿ ಜನ ಭಾರತಕ್ಕೆ ಓಡಿಬಂದರು. ಸತ್ತವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಕೊಂದವರು ಇಸ್ಲಾಮಿನ ಹೆಸರು ಹೇಳುತ್ತಿದ್ದರು. ತಮ್ಮದೇ ಪ್ರಜೆಗಳ ಮೇಲಿನ ಈ ಕ್ರೌರ್ಯವನ್ನು ಅವರು ಬಂಡಾಯ ದಮನ ಎಂದು ಕರೆದರು.

ಈ ಎರಡೂ ಊರುಗಳ ನಡುವಿನ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಬಂಡೆಗಲ್ಲ ಶಾಸನವೇ 'ದೇವಾನಾಂಪ್ರಿಯ' ಎಂಬ ದೊರೆ ಅಶೋಕನೆಂದು ಮೊದಲ ಬಾರಿಗೆ ಸ್ಪಷ್ಟಪಡಿಸಿತು. ಕಳಿಂಗದಲ್ಲಿ 1 ಲಕ್ಷ ಜನ ಹತರಾದರು, 1.5 ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು ಎಂದು ತನ್ನ ಬೇರೊಂದು ಶಾಸನದಲ್ಲಿ ಒಪ್ಪಿಕೊಂಡು ಪರಿತಪಿಸಿದ ಅರಸ ಇವನೇ. ಆದರೆ ಕಳಿಂಗದೊಳಗಿನ ಧೌಲಿ, ಜೌಗಡಗಳ ಬಂಡೆಗಳಲ್ಲಿ ಆ ಶಾಸನವನ್ನು ಕೆತ್ತಿಸಲಿಲ್ಲ. ತಪ್ಪನ್ನು ದೂರದವರಿಗೆ ಹೇಳಿ, ನೊಂದವರಿಗೇ ಹೇಳದಿರುವ ರೂಢಿ ಅಷ್ಟು ಹಳೆಯದು.

ಸರಕಾರಕ್ಕೆ ಬಲಪ್ರಯೋಗದ ಅಧಿಕಾರವಿದೆ. ಇಲ್ಲದಿದ್ದರೆ ಬಡವನಿಗೆ ರಕ್ಷಣೆಯಿಲ್ಲ. ಆ ಅಧಿಕಾರ ಕಾನೂನಿನಿಂದ ಬಂದದ್ದು, ಕಾನೂನಿನೊಳಗೇ ಇರತಕ್ಕದ್ದು. ನಿರಾಯುಧ ಜನರನ್ನು, ಅವರ ಸಮುದಾಯವನ್ನೇ ಬೆದರಿಸಿ ಮಣಿಸಲು ಕೊಂದರೆ ಅದು ಭಯೋತ್ಪಾದನೆ. ಕೊಂದವನು ಸಮವಸ್ತ್ರ ತೊಟ್ಟಿದ್ದನೇ, ಅವನ ಧರ್ಮ ಯಾವುದು ಎಂಬುದು ಅನಂತರದ ಮಾತು. ಈ ಅಳತೆಗೋಲು ರಜಾಕಾರನಿಗೂ ಪಾಕಿಸ್ತಾನದ ಜನರಲ್‌ಗೂ ಮಾರುಕಟ್ಟೆಯಲ್ಲಿ ಬಾಂಬ್ ಇಡುವವನಿಗೂ ಒಂದೇ. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಕುರ್‌ಆನ್ ಬೋಧಿಸುತ್ತದೆ. ಗೋರಟಾವನ್ನು ಮರೆಸುವ ಮುಸ್ಲಿಮನೂ ಸುಂದರಲಾಲ್ ವರದಿಯನ್ನು ಮರೆಸುವ ಹಿಂದೂವೂ ಆ ಪರೀಕ್ಷೆಯಲ್ಲಿ ಸೋಲುತ್ತಾರೆ.

ಪ್ರತಿ ಸೆಪ್ಟೆಂಬರ್ 17ರಂದು ನಮ್ಮ ಭಾಗದಲ್ಲಿ ವಿಮೋಚನೆಯ ಧ್ವಜ ಏರುತ್ತದೆ. ಏರಲಿ. ಅಂದಿನ ಭಾಷಣಗಳಲ್ಲಿ ರಜಾಕಾರರ ಹಾವಳಿಯ ಜೊತೆಗೆ ಆ ಅಪ್ರಕಟಿತ ವರದಿಯ ಮಾತೂ ಬರಲಿ, ಶಾಲಾಪಠ್ಯಗಳಲ್ಲಿ ಎರಡೂ ಸೇರಲಿ. ವ್ಯಾಖ್ಯೆಯ ವಿವಾದವನ್ನು ವಿಶ್ವಸಂಸ್ಥೆ ಎಂದು ಬಗೆಹರಿಸುವುದೋ ಬಗೆಹರಿಸಲಿ, ಈ ಕೆಲಸಕ್ಕೆ ನಾವು ಅದನ್ನು ಕಾಯಬೇಕಿಲ್ಲ.