ಮಳೆಯ ಸದ್ದಿಗೆ ಬೆದರುತ್ತಿದ್ದ ಹುಡುಗ



2009ರ ಸೆಪ್ಟೆಂಬರ್ ಕೊನೆಗೆ ಆರಂಭವಾದ ಮಹಾಮಳೆಯನ್ನು ನಮ್ಮ ಭಾಗದವರಾರೂ ಮರೆತಿರಲಾರರು. ಮಲಪ್ರಭೆ ಉಕ್ಕಿ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಅಂಥದೊಂದು ಊರಿನಿಂದ ಇಳಕಲ್ಲಿನ ಸೋದರಮಾವನ ಮನೆಗೆ ಬಂದ ಹುಡುಗನೊಬ್ಬ ನನ್ನ ತರಗತಿಗೆ ಸೇರಿದನು. ತಗಡಿನ ಸೂರಿನ ಮೇಲೆ ಮಳೆ ಬಿದ್ದೊಡನೆ ಅವನ ಕೈ ನಡುಗುತ್ತಿತ್ತು. ಎದ್ದು ಬಾಗಿಲಿಗೆ ಓಡುತ್ತಿದ್ದನು. ರಾತ್ರಿ ಚೀರಿಕೊಂಡು ಏಳುತ್ತಾನೆಂದು ಮಾವ ಹೇಳಿದ್ದರು. ಮನೆಯವರು ತಾಯಿತ ಕಟ್ಟಿಸಿದರು. ನಾನು, "ಗಂಡುಹುಡುಗ ಅದಿ, ಅಂಜಬ್ಯಾಡೋ" ಎಂದು ಗದರಿದೆ. ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟನು.

ಇಂಥ ಲಕ್ಷಣಗಳು ತಿಂಗಳು ಮೀರಿ ಉಳಿದು ಬದುಕನ್ನು ಕೆಡಿಸಿದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿ.ಟಿ.ಎಸ್.ಡಿ. ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಈ ಹೆಸರನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಆ ಹುಡುಗನದೂ ಅದೇ ಎಂದು ನಿರ್ಣಯಿಸಲು ನಾನು ವೈದ್ಯನಲ್ಲ. ಆದರೆ "ನಮ್ಮಂಥ ಊರಲ್ಲಿ ಮನೋವೈದ್ಯರೆಲ್ಲಿ?" ಎಂಬ ನನ್ನ ಅಂದಿನ ಸಮಾಧಾನ ಸುಳ್ಳೆಂಬುದನ್ನು ಇತಿಹಾಸವೇ ಹೇಳುತ್ತದೆ.

ಕುಷ್ಟಗಿ ದಾಟಿ ಹೊಸಪೇಟೆಗೆ ಹೋದರೆ ಅಂದಿನ ಬಳ್ಳಾರಿ ಜಿಲ್ಲೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಲ್ಲೊಂದು ಪ್ರಯೋಗವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ನಾಲ್ಕಾರು ಅಗತ್ಯ ಔಷಧಗಳು, ಸರಳವಾದ ದಾಖಲೆ: ಇಷ್ಟೇ ಅದರ ಬಂಡವಾಳ. ಅದರ ಮುಖ್ಯ ಗಮನ ತೀವ್ರ ಮನೋರೋಗ, ಮೂರ್ಛೆರೋಗಗಳ ಕಡೆಗಿತ್ತೆಂಬುದು ನಿಜ. ಆದರೂ ಸಾಮಾನ್ಯ ವೈದ್ಯರೇ ಮನಸ್ಸಿನ ರೋಗಕ್ಕೆ ಆರೈಕೆ ನೀಡಬಲ್ಲರೆಂದು ಅದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

1984ರ ಡಿಸೆಂಬರ್‌ನ ಭೋಪಾಲ್ ಅನಿಲ ದುರಂತದ ಬಳಿಕವೂ ನಿಮ್ಹಾನ್ಸ್ ತಜ್ಞರು ಅಲ್ಲಿನ ಸಾಮಾನ್ಯ ವೈದ್ಯರನ್ನೇ ತರಬೇತುಗೊಳಿಸಿದರು. ಅವರಿಗಾಗಿ ಸಿದ್ಧವಾದ ಕೈಪಿಡಿಯ ಲೇಖಕರಲ್ಲಿ ಡಾ. ಆರ್. ಶ್ರೀನಿವಾಸಮೂರ್ತಿಯವರೂ, ಕನ್ನಡ ಓದುಗರಿಗೆ ಚಿರಪರಿಚಿತರಾದ ಡಾ. ಸಿ.ಆರ್. ಚಂದ್ರಶೇಖರ್ ಅವರೂ ಇದ್ದರು. ದೂರದ ಉಗಾಂಡದ ನಿರಾಶ್ರಿತರ ಶಿಬಿರದಲ್ಲಿ, ಕೆಲವೇ ವಾರ ತರಬೇತಿ ಪಡೆದ ನಿರಾಶ್ರಿತರೇ ತಮ್ಮವರ ಕಥೆಗಳನ್ನು ಕ್ರಮವಾಗಿ ಕೇಳುತ್ತ ಪಿ.ಟಿ.ಎಸ್.ಡಿ.ಯನ್ನು ಗಣನೀಯವಾಗಿ ತಗ್ಗಿಸಿದ ವರದಿ 2008ರಲ್ಲಿ ಪ್ರಕಟವಾಯಿತು. ನಮ್ಮ ನೆರೆ ಬಂದದ್ದು ಅದರ ಮರುವರ್ಷ.

ದುರಂತವಾದ ಹೊಸತರಲ್ಲಿ ಬೇಕಾದದ್ದು ಸುರಕ್ಷಿತ ನೆಲೆ, ಊಟ, ತನ್ನವರ ಸಂಗ. ನಡೆದುದನ್ನು ಹೇಳೆಂದು ಬಲವಂತ ಮಾಡಬಾರದು. ಮೊದಲ ತಿಂಗಳಲ್ಲಿ ಡಯಾಜೆಪಾಂನಂಥ ಮಾತ್ರೆಗಳನ್ನು ಕೊಡುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದೆ. ಸಂಕಟ ತಿಂಗಳು ಮೀರಿದರೆ ಕ್ರಮಬದ್ಧವಾದ ಮಾತಿನ ಚಿಕಿತ್ಸೆಯಿದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಮಳೆಗೆ ಬೆದರುವ ಮಗುವೊಂದು ನಿಮ್ಮ ತರಗತಿಯಲ್ಲಿದ್ದರೆ ಗದರಬೇಡಿರಿ, ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಾನು ಮಾಡದೆ ಉಳಿದ ಕೆಲಸವದು.