ಟಾಲಿಲಿನ್ ರೈಲುಮಾರ್ಗದ ಹಳಿಗಳು ಮತ್ತು ಸ್ವಯಂಸೇವಕರು (1950–1976)

ಹಳೆಯ ರೈಲುಗಳನ್ನು ಉಳಿಸಿಕೊಂಡವರ ಚರಿತ್ರೆಯನ್ನು ಬರೆಯುವಾಗ ಎಂಜಿನಿಗೆ ಸಲ್ಲುವ ಸ್ಥಾನ ಅದು ಓಡುವ ಹಳಿಗೆ ಸಲ್ಲುವುದಿಲ್ಲ. ಎಂಜಿನಿಗೆ ಹೆಸರುಂಟು, ಬಣ್ಣವುಂಟು, ಚಿತ್ರ ತೆಗೆಯುವವರೂ ಉಂಟು. ಹಳಿಗೆ ಇವೊಂದೂ ಇಲ್ಲ. ಆದರೆ ಸ್ವಯಂಸೇವಕರು ವಹಿಸಿಕೊಂಡು ನಡೆಸಿದ ಜಗತ್ತಿನ ಮೊದಲನೆಯ ರೈಲುಮಾರ್ಗವಾದ ವೇಲ್ಸಿನ ಟಾಲಿಲಿನ್‌ನಲ್ಲಿ ಅಳಿವು ಉಳಿವುಗಳ ಪ್ರಶ್ನೆ ತೀರ್ಮಾನವಾದುದು ಹಳಿಯ ವಿಷಯದಲ್ಲಿಯೇ ಎಂದು ನಾವು ಭಾವಿಸುತ್ತೇವೆ.

ಮಾರ್ಗವು ಹುಟ್ಟಿದುದು ಸ್ಲೇಟುಕಲ್ಲಿನ ಸಾಗಾಣಿಕೆಗಾಗಿ. ಬ್ರಿನ್ ಎಗ್ಲ್ವಿಸ್ ಗಣಿಯ ಕಲ್ಲನ್ನು ಕರಾವಳಿಯ ಟವಿನ್ ಊರಿಗೆ ಇಳಿಸುವುದಕ್ಕೆಂದು 1865ರಲ್ಲಿ ಪಾರ್ಲಿಮೆಂಟಿನ ಅನುಮತಿಯೊಡನೆ ಇದನ್ನು ಹಾಕಿದರು. ಎರಡು ಹಳಿಗಳ ನಡುವಣ ಅಂತರ, ಎಂದರೆ ಗೇಜು, 2 ಅಡಿ 3 ಇಂಚು. 1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಸರ್ ಹೆನ್ರಿ ಹೇಡನ್ ಜೋನ್ಸ್ ತಾನು ಬದುಕಿರುವವರೆಗೆ ರೈಲನ್ನು ನಿಲ್ಲಿಸುವುದಿಲ್ಲವೆಂದು ಮಾತುಕೊಟ್ಟಿದ್ದನು. 1946ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿತು. 1947ರ ರಾಷ್ಟ್ರೀಕರಣ ಶಾಸನದ ಪಟ್ಟಿಯಲ್ಲಿ ಈ ಪುಟ್ಟ ಕಂಪನಿಯ ಹೆಸರೇ ಸೇರಲಿಲ್ಲ. ಮಾತುಕೊಟ್ಟವನು 1950ರ ಜುಲೈಯಲ್ಲಿ ತೀರಿಕೊಂಡನು.

ಅದೇ ವರ್ಷದ ಅಕ್ಟೋಬರಿನಲ್ಲಿ ಲೇಖಕ ಎಲ್. ಟಿ. ಸಿ. ರೋಲ್ಟ್ ಮುಂದಾಗಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಭೆ ಸೇರಿಸಿದನು. ಸಂರಕ್ಷಣ ಸಂಘವು ಸ್ಥಾಪಿತವಾಯಿತು. ಹೇಡನ್ ಜೋನ್ಸನ ಪತ್ನಿ ರೈಲನ್ನು ಸಂಘದ ಕೈಗೆ ಒಪ್ಪಿಸಿದಳು. 1951ರ ಮೇ 14ರಂದು ಟವಿನ್‌ನಿಂದ ಮೊದಲ ಬಂಡಿ ಹೊರಟಿತು.

ಅದು ಹೊರಟ ದಾರಿ ಹೇಗಿದ್ದಿತು? ಮೊದಲು ಹಾಸಿದ ಕಬ್ಬಿಣದ ಹಳಿಗಳೇ ಎಂಬತ್ತೈದು ವರ್ಷಗಳ ತರುವಾಯವೂ ಹಲವು ಕಡೆ ಉಳಿದಿದ್ದುವು. ಮರದ ಸ್ಲೀಪರುಗಳು ಕೊಳೆತಿದ್ದುವು. ಹುಲ್ಲು ಹಳಿಗಳನ್ನು ಮುಚ್ಚಿ ಬೆಳೆದಿದ್ದಿತು. ಹಳಿಗಳನ್ನು ಸ್ವಸ್ಥಾನದಲ್ಲಿ ಹಿಡಿದಿದ್ದುದು ಸ್ಲೀಪರಿಗಿಂತ ಹೆಚ್ಚಾಗಿ ಹುಲ್ಲುಹೆಪ್ಪೆಯೇ ಎಂದರೆ ತಪ್ಪಾಗದು. ಓಡಬಲ್ಲ ಎಂಜಿನು ಒಂದೇ, 'ಡೋಲ್ಗೋಚ್'. ಆದುದರಿಂದ ಸಂಘವು ನೆರೆಯ ಕಣಿವೆಯಲ್ಲಿ 1948ರಲ್ಲಿ ಮುಚ್ಚಿಹೋಗಿದ್ದ, ಇದೇ ಗೇಜಿನ ಕೋರಿಸ್ ರೈಲಿನ ಎರಡು ಎಂಜಿನುಗಳನ್ನು ತಲಾ 25 ಪೌಂಡಿಗೆ ಕೊಂಡುಕೊಂಡಿತು.

ಚರಿತ್ರೆಯ ವಿದ್ಯಾರ್ಥಿಗೆ ಬಹಳ ಬೋಧಪ್ರದವಾದ ಸಂಗತಿ ಇಲ್ಲಿದೆ. ಇವುಗಳಲ್ಲಿ ಮೊದಲು ಹಳಿಗೇರಿದ ಎಂಜಿನು ಓಡಲಾರದೆ ಹಳಿ ತಪ್ಪಿತು. ಪರೀಕ್ಷಿಸಿದಾಗ ಹಳಿಗಳ ಅಂತರವು ವಿಹಿತ ಗೇಜಿಗಿಂತ ಸುಮಾರು ಅರ್ಧ ಇಂಚಿನಷ್ಟು ಹೆಚ್ಚಾಗಿರುವುದು ಕಂಡುಬಂದಿತು. ಇದು ಬರಿಯ ಸವೆತವಲ್ಲ. ಹಳೆಯ ಎಂಜಿನು 'ಟಾಲಿಲಿನ್'ನ ಗಾಲಿಗಳ ನಡುವಣ ದೂರವು ಹೆಚ್ಚು. ಅದು ತಿರುವುಗಳಲ್ಲಿ ಸಿಕ್ಕಿಕೊಳ್ಳದಿರಲೆಂದು ಹಿಂದಿನ ಕಂಪನಿಯವರು ಬೇಕೆಂದೇ ಹಳಿಗಳನ್ನು ಅಗಲಿಸಿದ್ದರು. ಹಳೆಯ ಎರಡು ಎಂಜಿನುಗಳ ಗಾಲಿಯ ಪಟ್ಟಿ ಅಗಲವಾಗಿದ್ದುದರಿಂದ ಅವು ಸುಖವಾಗಿ ಓಡಿದುವು. ಹೊಸದಾಗಿ ಬಂದುದರ ಪಟ್ಟಿ ಕಿರಿದು, ಅದರ ಗಾಲಿ ಹಳಿಗಳ ನಡುವೆ ಇಳಿದುಬಿಟ್ಟಿತು. ಕಾಗದದ ಮೇಲಣ 2 ಅಡಿ 3 ಇಂಚನ್ನು ನೆಚ್ಚಿ ಚರಿತ್ರೆ ಬರೆದವನಿಗೆ ಈ ಅರ್ಧ ಇಂಚು ಎಂದಿಗೂ ದೊರೆಯುತ್ತಿರಲಿಲ್ಲ. ದಾಖಲೆಯನ್ನೇ ಪರಮಪ್ರಮಾಣವೆಂದು ತರಗತಿಯಲ್ಲಿ ಹೇಳಿಕೊಡುವ ನಾವು ಇದನ್ನು ನೆನಪಿನಲ್ಲಿಡುವುದು ಲೇಸು.

ಆದುದರಿಂದ ಸಂಘದ ಮುಂದಿದ್ದ ಕೆಲಸ ದುರಸ್ತಿಯಷ್ಟೇ ಅಲ್ಲ, ದಾರಿಯನ್ನೇ ಸರಿಯಾದ ಗೇಜಿಗೆ ಮರಳಿ ಹಾಕುವುದು. ಕೊಳೆತ ಸ್ಲೀಪರನ್ನು ಕಿತ್ತು ಹೊಸದನ್ನು ಸೇರಿಸಬೇಕು. ಅಳತೆಪಟ್ಟಿಯಿಟ್ಟು ಹಳಿಯನ್ನು ಬಿಗಿಯಬೇಕು. ಅಡಿಗೆ ಜಲ್ಲಿಯನ್ನು ತುರುಕಿ ಮಟ್ಟಕ್ಕೆ ತರಬೇಕು. ಚರಂಡಿ ಬಿಡಿಸಿ ಮಳೆಯ ನೀರಿಗೆ ದಾರಿ ಮಾಡಬೇಕು. ಇಷ್ಟಾದರೂ ಮುಗಿಯಿತೆಂದಲ್ಲ, ಹಾಕಿದ್ದನ್ನು ಮತ್ತೆ ಮತ್ತೆ ನೋಡಿಕೊಳ್ಳಬೇಕು. ದೂರದ ನಗರಗಳಿಂದ ರಜೆಯಲ್ಲಿ ಬಂದ ಸದಸ್ಯರು ಸಂಬಳವಿಲ್ಲದೆ ಈ ಗ್ಯಾಂಗ್‌ಮನ್ನರ ದುಡಿಮೆಗೆ ಇಳಿದರು. ಕೋರಿಸ್ ಮಾರ್ಗದಿಂದ ಕಿತ್ತ ಹಳಿಗಳೂ ಇಲ್ಲಿ ಉಪಯೋಗಕ್ಕೆ ಬಂದುವು.

ಆದರೂ ಎಲ್ಲವನ್ನೂ ಸ್ವಯಂಸೇವಕರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ರೋಲ್ಟನೇ ಮೊದಲ ವರ್ಷಗಳಲ್ಲಿ ವ್ಯವಸ್ಥಾಪಕನಾಗಿದ್ದನು. ಹಳೆಯ ಕಂಪನಿಯ ನೌಕರರು ಕೆಲಸದಲ್ಲಿ ಮುಂದುವರಿದರು. ಕೋರಿಸ್‌ನ ಎರಡನೆಯ ಎಂಜಿನನ್ನು ಹನ್ಸ್ಲೆಟ್ ಕಾರ್ಖಾನೆಯವರು ಹಣ ಪಡೆಯದೆ ಸರಿಪಡಿಸಿ ಕೊಟ್ಟರು. 1953ರಲ್ಲಿ ಪ್ರಾದೇಶಿಕ ಸೇನೆಯ ತುಕಡಿಯೊಂದು ತರಬೇತಿಯ ಅಂಗವಾಗಿ ದಾರಿಯ ಒಂದು ಭಾಗವನ್ನು ಮರಳಿ ಹಾಕಿತು. ಉತ್ಸಾಹಿಗಳ ಬರಹಗಳಲ್ಲಿ ಈ ನೆರವಿಗೆ ದೊರೆಯುವ ಸ್ಥಳ ಇನ್ನೂ ಹೆಚ್ಚಾಗಬೇಕೆಂಬುದು ನಮ್ಮ ಅಭಿಪ್ರಾಯ. ಸ್ವಯಂಸೇವಕರ ಹಿರಿಮೆ ಇರುವುದು ತಾವೊಬ್ಬರೇ ಮಾಡಿದುದರಲ್ಲಲ್ಲ, ಇತರರೆಲ್ಲ ಹೋದ ಮೇಲೂ ಮುಂದಿನ ವರ್ಷ ಮತ್ತೆ ಗುದ್ದಲಿ ಹಿಡಿದುದರಲ್ಲಿ.

ಈ ಮಾದರಿ ಹರಡಿತು. 1960ರಲ್ಲಿ ಹರಾಜಿಗೆ ಬಂದ, ಬರಿಯ 15 ಇಂಚು ಗೇಜಿನ ರೇವನ್‌ಗ್ಲಾಸ್–ಎಸ್ಕ್‌ಡೇಲ್ ಕಿರುರೈಲನ್ನೂ ಆಸಕ್ತರ ಸಂಘವೊಂದು ಹಣವಂತರ ಸಹಾಯದಿಂದ ಉಳಿಸಿಕೊಂಡಿತು. ಟಾಲಿಲಿನ್‌ನಲ್ಲಿಯಾದರೋ ಹಳೆಯ ಎಂಜಿನಿನ ಗಾಲಿಗಳ ಅಂತರವನ್ನೇ ಬದಲಿಸಿ ಸರಿಯಾದ ಗೇಜಿಗೆ ಹೊಂದಿಸಿದರು. ಬಳಿಕ ಪ್ರಯಾಣಿಕರ ಬಂಡಿ ಹಿಂದೆಂದೂ ಹೋಗದಿದ್ದ, ಅಬರ್ಗನೋಲ್ವಿನ್ ನಿಲ್ದಾಣದಿಂದಾಚೆಗಿನ ಕಲ್ಲುಸಾಗಣೆಯ ದಾರಿಯಲ್ಲಿ ಸುಮಾರು ಮುಕ್ಕಾಲು ಮೈಲಿ ಹಳಿಯನ್ನು ಹೊಸದಾಗಿ ಹಾಕಿದರು. 1976ರ ಮೇ 22ರಂದು ಬಂಡಿ ನಾಂಟ್ ಗ್ವೆರ್ನೋಲ್ ತಲುಪಿತು.